ಹನ್ನೊಂದರಿಂದ ಆರಂಭವಾಗುವ ಸರಣಿ: ಕನ್ನಡ ಚಿತ್ರಕಥಾ ಸಂಗ್ರಹ ಮತ್ತು ಅಪೂರ್ಣತೆಯ ಪ್ರಶ್ನೆ

೧

ಸಂಗ್ರಹ ಎಂಬುದು ಜಾನಪದ ಅಧ್ಯಯನಕ್ಕೆ ಹೊಸ ಮಾತಲ್ಲ. ಹಾಡು, ಕಥೆ, ಗಾದೆ, ಒಗಟುಗಳನ್ನು ಊರೂರು ಅಲೆದು ಕೂಡಿಹಾಕಿದ ನಮ್ಮ ಹಿರಿಯರಿಗೆ ತಮ್ಮ ಸಂಗ್ರಹ ಎಂದಿಗೂ ಪೂರ್ಣವಾಗದೆಂಬ ಅರಿವಿತ್ತು. ಆದರೆ ಆ ಅಪೂರ್ಣತೆ ಅವರನ್ನು ಕಾಡಿದಂತೆ ಕಾಣುವುದಿಲ್ಲ. ಮಲೆ ಮಾದೇಶ್ವರ ಕಾವ್ಯವನ್ನು ಹಾಡುವ ಕಂಸಾಳೆಯವರು ಒಂದು ರಾತ್ರಿಯಲ್ಲಿ ಸಂಕಮ್ಮನ ಸಾಲನ್ನೋ ಸರಗೂರಯ್ಯನ ಸಾಲನ್ನೋ ಹಾಡಿ ಮುಗಿಸುತ್ತಾರೆ. ಉಳಿದ ಸಾಲುಗಳು ಇನ್ನೊಂದು ರಾತ್ರಿಗೆ, ಇನ್ನೊಂದು ಮೇಳಕ್ಕೆ ಉಳಿದಿರುತ್ತವೆ. ಕೇಳುಗರಲ್ಲಿ ಯಾರೂ ಕಾವ್ಯ ಅಪೂರ್ಣವಾಯಿತೆಂದು ದೂರುವುದಿಲ್ಲ.

ಮುದ್ರಿತ ಚಿತ್ರಕಥೆಗಳನ್ನು ಕೂಡಿಡುವವರ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಪ್ರತಿ ಸಂಚಿಕೆಯ ಮುಖಪುಟದ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯೇ ಸಂಗ್ರಾಹಕನಿಗೆ ಪೂರ್ಣತೆಯ ಆಸೆಯನ್ನು ಹುಟ್ಟಿಸುತ್ತದೆ ಮತ್ತು ಕೊರತೆಯನ್ನು ದಿನವೂ ನೆನಪಿಸುತ್ತದೆ. ನಾಲ್ಕುನೂರು ಸಂಚಿಕೆಗಳು ಕೈಯಲ್ಲಿದ್ದರೂ ಇಲ್ಲದ ನಾಲ್ಕು ಸಂಚಿಕೆಗಳೇ ಅವನ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಹತಾಶೆಯನ್ನು ಹವ್ಯಾಸಿಯೊಬ್ಬನ ಗೀಳು ಎಂದು ಬದಿಗೆ ಸರಿಸುವುದು ಸುಲಭ. ಆದರೆ ಸಂಗ್ರಹದ ನಡುವಿನ ಒಂದೊಂದು ಖಾಲಿ ಜಾಗವೂ ಪ್ರಕಟಣೆಯ ಚರಿತ್ರೆಯ ಬಗ್ಗೆ ಏನನ್ನೋ ಹೇಳುತ್ತಿರುತ್ತದೆ. ಅದನ್ನು ಓದಲು ಜಾನಪದ ಅಧ್ಯಯನದ ಪರಿಕಲ್ಪನೆಗಳು ನೆರವಾಗುತ್ತವೆಯೇ ಎಂಬುದನ್ನು ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರ ಕಥೆ ಎಂಬ ಎರಡು ಸರಣಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಇಂದ್ರಜಾಲ ಕಾಮಿಕ್ಸ್ ೧೯೬೪ರ ಮಾರ್ಚ್‌ನಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪ್ರಕಾಶನದಿಂದ ಆರಂಭವಾಗಿ ೧೯೯೦ರಲ್ಲಿ ನಿಂತಿತು. ಲೀ ಫಾಕ್ ೧೯೩೬ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಈ ಸರಣಿಯ ಮುಖ್ಯ ನಾಯಕ. ಮಾಂತ್ರಿಕ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿಯರ ಜೊತೆಗೆ ೧೯೭೬ರಿಂದ ಆಬಿದ್ ಸುರತಿಯವರ ಬಹಾದೂರ್ ಕೂಡ ಸೇರಿಕೊಂಡ. ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇದು ಬರುತ್ತಿತ್ತು. ಎಲ್ಲ ಭಾಷೆಗಳೂ ಒಂದೇ ದಿನ ಆರಂಭವಾದವಲ್ಲ.

ಲೆಕ್ಕದ ಪ್ರಕಾರ ಈ ಸರಣಿಯಲ್ಲಿ ೮೦೫ ಸಂಚಿಕೆಗಳಿರಬೇಕು, ಬಂದದ್ದು ೮೦೩. ೧೨೩ ಮತ್ತು ೧೨೪ನೆಯ ಸಂಚಿಕೆಗಳು ಕಾರ್ಮಿಕರ ಮುಷ್ಕರದಿಂದಾಗಿ ಅಚ್ಚಾಗಲೇ ಇಲ್ಲ. ಇದನ್ನು ತಿಳಿಯದ ಸಂಗ್ರಾಹಕರು ಆ ಎರಡು ಸಂಚಿಕೆಗಳಿಗಾಗಿ ರದ್ದಿ ಅಂಗಡಿಗಳನ್ನು ಜಾಲಾಡಿದರೆ ಆಶ್ಚರ್ಯವಿಲ್ಲ. ೪೪೩ನೆಯ ಸಂಚಿಕೆಯ ನಂತರ ಪ್ರಕಾಶಕರು ಸರಣಿ ಸಂಖ್ಯೆಯನ್ನೇ ಕೈಬಿಟ್ಟು ಸಂಪುಟ ಮತ್ತು ಸಂಚಿಕೆ ಎಂಬ ಕ್ರಮಕ್ಕೆ ಬದಲಾದರು. ಹೀಗಾಗಿ ಒಂದೇ ಸರಣಿಗೆ ಎರಡು ಬಗೆಯ ಎಣಿಕೆಗಳಾದವು.

ಈ ಸಂಗತಿಗಳನ್ನು ಮುಂದಿಟ್ಟುಕೊಂಡು ಸಂಗ್ರಹದಲ್ಲಿ ಕಾಣುವ ಗೈರುಹಾಜರಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಸಂಖ್ಯೆ ಇದ್ದೂ ಅಚ್ಚಾಗದೆ ಹೋದದ್ದು. ಎರಡನೆಯದು, ಒಂದು ಭಾಷೆಯಲ್ಲಿ ಅಚ್ಚಾಗಿ ಇನ್ನೊಂದು ಭಾಷೆಗೆ ಬಾರದೆ ಉಳಿದದ್ದು. ಮೂರನೆಯದು, ಅಚ್ಚಾಗಿ, ಮಾರಾಟವಾಗಿ, ಓದಿಸಿಕೊಂಡು, ಅನಂತರ ಕಳೆದುಹೋದದ್ದು. ಮೂರೂ ಕಪಾಟಿನಲ್ಲಿ ಒಂದೇ ಬಗೆಯ ಖಾಲಿ ಜಾಗವಾಗಿ ಕಾಣುತ್ತವೆ. ಸಂಗ್ರಾಹಕನಿಗೆ ಮೂರೂ ಒಂದೇ ಬಗೆಯ ಸಂಕಟವನ್ನು ಕೊಡುತ್ತವೆ. ಆದರೆ ವಿಮರ್ಶೆಯ ದೃಷ್ಟಿಯಿಂದ ಇವು ಮೂರು ಬೇರೆ ಬೇರೆ ಸಂಗತಿಗಳು. ಮೊದಲನೆಯದು ಕಾರ್ಮಿಕ ಚರಿತ್ರೆಯ ಗುರುತು. ಎರಡನೆಯದು ಭಾಷೆಗಳ ನಡುವಣ ಸಂಬಂಧದ ಗುರುತು. ಮೂರನೆಯದು ಮಾತ್ರ ನಷ್ಟ. ನಾವು ಚಿಂತಿಸಬೇಕಾದುದು ಮೂರನೆಯದರ ಬಗ್ಗೆ.

೩

ಎರಡನೆಯ ಮತ್ತು ಮೂರನೆಯ ಬಗೆಗಳು ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದಕ್ಕೆ ಅಮರ ಚಿತ್ರ ಕಥೆಗಿಂತ ಉತ್ತಮ ನಿದರ್ಶನ ಸಿಗಲಾರದು. ನಾಲ್ಕುನೂರಕ್ಕೂ ಹೆಚ್ಚು ಶೀರ್ಷಿಕೆಗಳ ಈ ಸರಣಿಯನ್ನು ಇಂಗ್ಲಿಷಿನಲ್ಲಿ ಕೂಡಿಡಹೊರಟವರಿಗೆ ಮೊದಲಿಗೇ ಒಂದು ಒಗಟು ಎದುರಾಗುತ್ತದೆ. ರಾಮ್ ವಾಯೀರ್‌ಕರ್ ಚಿತ್ರಿಸಿದ ‘ಕೃಷ್ಣ’ ಇಂಗ್ಲಿಷ್ ಸರಣಿಯ ಆರಂಭದ ಪುಸ್ತಕ. ಆದರೆ ಅದರ ಸಂಖ್ಯೆ ೧೧. ಒಂದರಿಂದ ಹತ್ತರವರೆಗಿನ ಪುಸ್ತಕಗಳು ಎಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಸರಣಿಯ ಹುಟ್ಟಿನ ಬಗ್ಗೆ ಎರಡು ಕಥನಗಳು ಸಿಗುತ್ತವೆ. ಪ್ರಸಿದ್ಧವಾದ ಕಥನದ ನಾಯಕರು ಕಾರ್ಕಳದಲ್ಲಿ ೧೯೨೯ರಲ್ಲಿ ಹುಟ್ಟಿದ ಅನಂತ ಪೈ. ೧೯೬೭ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದರು. ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಉತ್ತರಿಸಲಾರದೆ ಹೋದರು. ಅದನ್ನು ನೋಡಿದ ಪೈಯವರು ಭಾರತೀಯ ಕಥೆಗಳನ್ನು ಚಿತ್ರರೂಪದಲ್ಲಿ ಮಕ್ಕಳಿಗೆ ಕೊಡಬೇಕೆಂದು ಸಂಕಲ್ಪಿಸಿದರು. ಎರಡನೆಯ ಕಥನ ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಂ ಅವರ ಪ್ರಕಾರ, ೧೯೬೫ರಲ್ಲಿಯೇ ಕನ್ನಡದಲ್ಲಿ ಅಮರ ಚಿತ್ರ ಕಥೆಯ ಪುಸ್ತಕಗಳು ಬಂದವು. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯ ಮುಖ್ಯ ಕಚೇರಿ ಇಂಗ್ಲಿಷ್ ಸರಣಿಯ ಕಡೆಗೆ ಗಂಭೀರವಾಗಿ ಮನಸ್ಸು ಮಾಡಿತು. ಭಾರತೀಯ ಭಾಷೆಗಳಲ್ಲಿ ಬಂದ ಆ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಅವರೆಬಳ್ಳಿಯ ಜ್ಯಾಕ್ ಮೊದಲಾದ ಹೊರನಾಡಿನ ಕಥೆಗಳಿಗೆ ಸಂದವು.

ಜಾನಪದ ವಿದ್ಯಾರ್ಥಿಗೆ ಇಂತಹ ಸನ್ನಿವೇಶ ಅಪರಿಚಿತವಲ್ಲ. ಒಂದೇ ದೈವದ ಹುಟ್ಟಿನ ಬಗ್ಗೆ ಎರಡು ಊರುಗಳು ಎರಡು ಕಥೆ ಹೇಳುತ್ತವೆ. ಅವುಗಳಲ್ಲಿ ನಿಜ ಯಾವುದೆಂಬುದಕ್ಕಿಂತ ಯಾವುದು ಏಕೆ ಉಳಿಯಿತೆಂಬುದು ನಮಗೆ ಮುಖ್ಯವಾಗುತ್ತದೆ. ದೆಹಲಿಯ ಕಥನಕ್ಕೆ ಉತ್ಪತ್ತಿ ಪುರಾಣದ ಎಲ್ಲ ಲಕ್ಷಣಗಳೂ ಇವೆ. ಅದರಲ್ಲಿ ಒಂದು ಕೊರತೆಯಿದೆ, ಕೊರತೆಯನ್ನು ಕಂಡ ಒಬ್ಬ ನಾಯಕನಿದ್ದಾನೆ, ಒಂದು ಸಂಕಲ್ಪವಿದೆ. ಬೆಂಗಳೂರಿನ ಕಥನದಲ್ಲಿ ಇರುವುದು ಶಾಖಾ ಕಚೇರಿ, ಮಾರಾಟ ಮತ್ತು ಕನ್ನಡ ಓದುವ ಮಕ್ಕಳು. ಮೊದಲನೆಯದು ರಾಷ್ಟ್ರದ ಕಥೆಯಾಗಿ ಹರಡಿತು. ಎರಡನೆಯದು ವ್ಯಾಪಾರದ ವಿವರವಾಗಿ ಮೂಲೆಗೆ ಸೇರಿತು. ಆದರೂ ಜನಪದ ಕಥೆಗಳಲ್ಲಿ ಹಳೆಯ ಆಶಯವೊಂದು ಅರ್ಥ ಕಳೆದುಕೊಂಡ ಮೇಲೂ ಪಳೆಯುಳಿಕೆಯಾಗಿ ಅಂಟಿಕೊಂಡಿರುವಂತೆ, ‘ಕೃಷ್ಣ’ದ ಮೇಲಿನ ಹನ್ನೊಂದು ಎಂಬ ಅಂಕಿ ಉಳಿದುಕೊಂಡಿತು. ತನಗಿಂತ ಹಿಂದೆ ಏನೋ ಇತ್ತು ಎಂದು ಅದು ಇಂದಿಗೂ ಸಾಕ್ಷಿ ನುಡಿಯುತ್ತಿದೆ.

ಈ ಹತ್ತು ಪುಸ್ತಕಗಳ ಮಹತ್ವ ಅವುಗಳ ಅಪೂರ್ವತೆಯಲ್ಲಿಲ್ಲ. ಸಿಂಡ್ರೆಲಾ ಕಥೆಗೆ ಕನ್ನಡದ್ದೇ ಆದ ರೂಪವಿದೆ. ಎ.ಕೆ. ರಾಮಾನುಜನ್ ಅವರು ಬೆಳಕಿಗೆ ತಂದ ‘ಹಂಚಿ’ಯ ಕಥೆ ೧೯೮೨ರಲ್ಲಿ ಅಲನ್ ಡಂಡಿಸ್ ಸಂಪಾದಿಸಿದ ಸಿಂಡ್ರೆಲಾ ಕುರಿತ ಗ್ರಂಥದಲ್ಲಿ ಸ್ಥಾನ ಪಡೆದು ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. ಹಂಚಿಯ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದ ನಾಡಿನಲ್ಲಿಯೇ ಗಾಜಿನ ಪಾದರಕ್ಷೆಯ ಸಿಂಡ್ರೆಲಾ ಕನ್ನಡ ಅಕ್ಷರ ತೊಟ್ಟು ಬಂದಳು. ಅವಳು ಯಾವ ಕನ್ನಡದಲ್ಲಿ ಮಾತನಾಡಿದಳು, ಮಲತಾಯಿಯ ಬೈಗುಳಕ್ಕೆ ಅನುವಾದಕರು ಯಾವ ಮಾತು ಹುಡುಕಿದರು, ಮೌಖಿಕ ಕಥನದ ಧಾಟಿ ಚಿತ್ರದ ಮೇಲಿನ ಪುಟ್ಟ ಚೌಕದೊಳಗೆ ಎಷ್ಟು ಇಳಿಯಿತು ಎಂಬ ಪ್ರಶ್ನೆಗಳಿಗೆ ಆ ಪುಸ್ತಕಗಳನ್ನು ಮುಂದಿಟ್ಟುಕೊಂಡಲ್ಲದೆ ಉತ್ತರಿಸಲಾಗದು. ಭಾರತೀಯತೆಯ ಪ್ರತೀಕವೆಂದು ಹೆಸರಾದ ಸರಣಿಯೊಂದು ಹೊರನಾಡಿನ ಕಥೆಗಳಿಂದ ಆರಂಭವಾಗಿ ಕೃಷ್ಣನ ಕಡೆಗೆ ಹೊರಳಿತು ಎಂಬುದು ಸಾಂಸ್ಕೃತಿಕ ಚರಿತ್ರೆಯ ಮುಖ್ಯ ತಿರುವು. ಆ ತಿರುವಿನ ಪುರಾವೆಯಾದ ಪುಸ್ತಕಗಳೇ ಇಂದು ಅತ್ಯಂತ ವಿರಳವಾಗಿವೆ.

ಸಂಗ್ರಾಹಕರ ಮಾರುಕಟ್ಟೆ ಈ ನಷ್ಟವನ್ನು ಇನ್ನಷ್ಟು ಗಾಢವಾಗಿಸಿದೆ. ಪೂರ್ಣ ಸಂಗ್ರಹ ಎಂದರೆ ಇಂಗ್ಲಿಷ್ ಪಟ್ಟಿ ಎಂಬ ತಿಳಿವಳಿಕೆ ಬೇರೂರಿದ ಮೇಲೆ ಕನ್ನಡದ ಪ್ರತಿ ಅನುವಾದವೆಂದೇ ಎಣಿಕೆಯಾಗುತ್ತದೆ. ಬೇಡಿಕೆಯಿಲ್ಲದ ಪ್ರತಿಯನ್ನು ಹಳೆ ಪುಸ್ತಕದ ವ್ಯಾಪಾರಿ ಎತ್ತಿಡುವುದಿಲ್ಲ. ಅದು ತೂಕದ ಲೆಕ್ಕದಲ್ಲಿ ಕಾಗದದ ಕಾರ್ಖಾನೆಗೆ ಹೋಗುತ್ತದೆ. ಮೊದಲು ಬಂದದ್ದು ಹೀಗೆ ಮೊದಲು ಅಳಿಯುತ್ತದೆ.

೪

ಇಲ್ಲಿ ಒಂದು ಆಕ್ಷೇಪ ಬರಬಹುದು. ಜನಪ್ರಿಯ ಚಿತ್ರಕಥೆಗಳು ಮರುಮುದ್ರಣವಾಗಿವೆ, ಕೆಲವು ಅಂತರ್ಜಾಲದಲ್ಲಿಯೂ ಸಿಗುತ್ತವೆ. ಕಥೆ ಸಿಕ್ಕ ಮೇಲೆ ಹಳೆಯ ಪ್ರತಿಯೇಕೆ? ಡಂಡಿಸ್ ೧೯೬೪ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಜಾನಪದದ ಯಾವುದೇ ಅಭಿವ್ಯಕ್ತಿಯನ್ನು ಹದ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದರು. ಮರುಮುದ್ರಣ ಉಳಿಸಿಕೊಡುವುದು ಪಠ್ಯವನ್ನು ಮಾತ್ರ. ೧೯೯೦ರ ದಶಕದಲ್ಲಿ ಅಮರ ಚಿತ್ರ ಕಥೆಗೆ ಐನೂರರ ಮೇಲಿನ ಹೊಸ ಸಂಖ್ಯೆಗಳು ಬಂದವು. ಹಳೆಯ ಕ್ರಮ ಮರೆಯಾದೊಡನೆ ಹತ್ತರ ಒಗಟೂ ಕಣ್ಮರೆಯಾಗುತ್ತದೆ.

ಪಠ್ಯವಾದರೂ ಒಂದೇ ಆಗಿರುತ್ತದೆಯೇ? ಇಂದ್ರಜಾಲದ ಫ್ಯಾಂಟಮ್ ಅಮೆರಿಕದ ಮೂಲದ ಯಥಾಪ್ರತಿಯಲ್ಲ. ಮೂಲದಲ್ಲಿ ಬಂಗಾಳವನ್ನು ನೆನಪಿಸುವ ಹೆಸರಿನ ಕಾಡು ಇಲ್ಲಿ ಡೆಂಕಾಲಿಯಾಯಿತು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ರಾಮ ಎಂಬ ಖಳನ ಹೆಸರು ರಾಮಲು ಎಂದಾಯಿತು. ಹಿಂದಿಯಲ್ಲಿ ಫ್ಯಾಂಟಮ್‌ನಿಗೆ ವೇತಾಳ ಎಂಬ ಹೆಸರು ಬಂದು, ಓದುಗರ ಮನಸ್ಸಿನಲ್ಲಿ ಕಥೆ ಹೇಳಿ ಮತ್ತೆ ಮತ್ತೆ ಮರಕ್ಕೆ ಹಾರಿಹೋಗುವ ಹಳೆಯ ಬೇತಾಳದ ನೆನಪೂ ಅದಕ್ಕೆ ಅಂಟಿಕೊಂಡಿತು. ಇವು ಮುಜುಗರ ತಪ್ಪಿಸಲು ಮಾಡಿದ ಸಣ್ಣ ತಿದ್ದುಪಡಿಗಳಂತೆ ಕಂಡರೂ, ಕಥೆಯೊಂದು ಹೊಸ ಸಮುದಾಯವನ್ನು ಹೊಕ್ಕಾಗ ನಡೆಯುವ ಸ್ಥಳೀಕರಣದ ಕ್ರಿಯೆಯೇ ಆಗಿವೆ. ಫಾಕ್‌ನ ಮೂಲ ಪಟ್ಟಿಗಳನ್ನು ಎಷ್ಟು ಸೊಗಸಾಗಿ ಮರುಮುದ್ರಿಸಿದರೂ ಭಾರತದ ಮಕ್ಕಳು ಓದಿದ ಪಾಠಾಂತರ ಅದರಲ್ಲಿ ಸಿಗುವುದಿಲ್ಲ.

ಸಂದರ್ಭದ ಮಾತು ಇನ್ನೂ ಮುಖ್ಯವಾದುದು. ಚಿತ್ರಕಥೆಗಳನ್ನು ಕೊಂಡು ಓದಿದವರಿಗಿಂತ ಕೈಯಿಂದ ಕೈಗೆ ದಾಟಿಸಿ, ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ದಿನಬಾಡಿಗೆಗೆ ತಂದು ಓದಿದವರು ಹೆಚ್ಚು. ಲೈಬ್ರರಿಯವರು ಐದಾರು ಸಂಚಿಕೆಗಳನ್ನು ಸೇರಿಸಿ ರಟ್ಟು ಹಾಕಿ ಹೊಲಿಸುತ್ತಿದ್ದರು. ಆಗ ಅಂಚು ಕತ್ತರಿಸಿಹೋಗುತ್ತಿತ್ತು, ಕೆಲವೊಮ್ಮೆ ಮುಖಪುಟವೂ ಹೋಗುತ್ತಿತ್ತು. ಸಂಗ್ರಾಹಕನಿಗೆ ಇಂತಹ ಪ್ರತಿ ನಿರುಪಯುಕ್ತ. ಮಗುವೊಂದು ಹೆಸರು, ತರಗತಿ, ‘ಕದ್ದವರ ಕೈ ಮುರಿಯಲಿ’ ಎಂಬ ಶಾಪ ಬರೆದಿಟ್ಟ ಪ್ರತಿಯ ಬೆಲೆ ಅರ್ಧಕ್ಕಿಳಿಯುತ್ತದೆ. ಜಾನಪದ ಸಂಶೋಧಕನಿಗಾದರೋ ಆ ಬರಹವೇ ದಾಖಲೆ. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಕಥೆಗಳನ್ನು ಒಟ್ಟಿಗೆ ಹೊಲಿಯಲಾಯಿತು, ಯಾವ ಪುಟ ಹೆಚ್ಚು ಸವೆದಿದೆ ಎಂಬುದನ್ನು ತಿಳಿಯಲು ಬೇರೆ ಆಧಾರವಿಲ್ಲ. ಸಂಗ್ರಾಹಕರು ಕಷ್ಟಪಟ್ಟು ಉಳಿಸಿದ್ದು ಬಹಳ. ಆದರೆ ಯಾರೂ ಮುಟ್ಟದ ಪ್ರತಿಯೇ ಶ್ರೇಷ್ಠವೆಂಬ ಅವರ ಮಾನದಂಡವನ್ನು ನಾವು ಒಪ್ಪಬೇಕಾಗಿಲ್ಲ. ಪೂರ್ಣತೆಯ ಹಂಬಲದಲ್ಲಿ ಅವರು ಹಿಂದಿನ ಫಿನ್ನಿಶ್ ಪಂಥದ ವಿದ್ವಾಂಸರನ್ನು ನೆನಪಿಸುತ್ತಾರೆ. ಎಲ್ಲ ಪಾಠಗಳನ್ನೂ ಕೂಡಿಹಾಕಿದರೆ ಮೂಲರೂಪವೊಂದು ದೊರೆಯುತ್ತದೆಂಬುದು ಆ ಪಂಥದ ನಂಬಿಕೆಯಾಗಿತ್ತು. ಮೂಲರೂಪದ ಆಸೆಯನ್ನು ನಾವು ಕೈಬಿಟ್ಟೆವು. ಪಾಠಗಳನ್ನು ಕೂಡಿಡುವ ಕೆಲಸವನ್ನು ಕೈಬಿಡಲಿಲ್ಲ.

೫

ಈ ಕೆಲಸ ವ್ಯಕ್ತಿಗಳ ಹವ್ಯಾಸಕ್ಕೆ ಬಿಟ್ಟದ್ದಾಗಿ ಏಕೆ ಉಳಿಯಿತು? ೧೯೫೪ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರಕಟವಾದ ೩೦ ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕಾಯಿದೆಯ ವ್ಯಾಖ್ಯೆಯಲ್ಲಿ ಕಿರುಹೊತ್ತಿಗೆಯೂ ಪುಸ್ತಕವೇ, ಭಾಷೆ ಯಾವುದಾದರೂ ಸರಿ. ಆದರೆ ಸಲ್ಲಿಕೆ ಎಲ್ಲರಿಂದಲೂ ಆಗಲಿಲ್ಲ. ಇನ್ನು ನಮ್ಮ ಗ್ರಂಥಾಲಯಗಳಲ್ಲಿ ಚಿತ್ರಕಥೆಗಳು ‘ಮಕ್ಕಳ ವಿಭಾಗ’ದಲ್ಲಿ ಹರಿಯುವವರೆಗೆ ಇದ್ದು ಅನಂತರ ರದ್ದಾಗುವ ವಸ್ತುಗಳು. ಜಿಲ್ಲಾ ಕೇಂದ್ರವೊಂದರ ಗ್ರಂಥಾಲಯದಲ್ಲಿ ನಾನು ವಿಚಾರಿಸಿದಾಗ ದೊರೆತದ್ದು ದಾಖಲೆ ಪುಸ್ತಕದಲ್ಲಿನ ಶೀರ್ಷಿಕೆಗಳು ಮತ್ತು ಅವುಗಳ ಮುಂದೆ ಕೆಂಪು ಶಾಯಿಯಲ್ಲಿ ‘ವಜಾ’ ಎಂಬ ಎರಡಕ್ಷರ. ಒಂದು ಕಾಲದಲ್ಲಿ ಲಾವಣಿಯ ಪುಸ್ತಿಕೆಗಳನ್ನೂ ಬಯಲಾಟದ ಅಗ್ಗದ ಮುದ್ರಣಗಳನ್ನೂ ವಿದ್ವತ್ ಲೋಕ ಇದೇ ರೀತಿ ಕಡೆಗಣಿಸಿತ್ತು. ಅವನ್ನು ಉಳಿಸಿದ್ದು ಸಂತೆಯಲ್ಲಿ ಕೊಂಡು ಮನೆಯ ಪೆಟ್ಟಿಗೆಯಲ್ಲಿಟ್ಟ ಓದುಗರು.

ಅಂತರ್ಜಾಲದಲ್ಲಿ ಆಸಕ್ತರು ಹಳೆಯ ಚಿತ್ರಕಥೆಗಳ ಪ್ರತಿಬಿಂಬಗಳನ್ನು ಹಂಚಿಕೊಳ್ಳುತ್ತಿರುವುದು ಸ್ತುತ್ಯರ್ಹವಾದರೂ, ಹಕ್ಕುಸ್ವಾಮ್ಯದ ಕಾರಣ ಅದು ಯಾವಾಗ ಬೇಕಾದರೂ ಅಳಿಸಿಹೋಗಬಹುದಾದ ಸಂಗ್ರಹ. ೨೦೧೨ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯಿದೆ ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ನೀಡಿದೆ. ಷರತ್ತು ಒಂದೇ: ಮುದ್ರಿತ ಪ್ರತಿ ಆ ಗ್ರಂಥಾಲಯದಲ್ಲಿ ಇರಬೇಕು. ಪ್ರಶ್ನೆ ಮತ್ತೆ ಪ್ರತಿಗೇ ಬಂದು ನಿಲ್ಲುತ್ತದೆ.

ಆದುದರಿಂದ ಅಕಾಡೆಮಿಗಳೂ ವಿಶ್ವವಿದ್ಯಾಲಯದ ಜಾನಪದ ವಿಭಾಗಗಳೂ ಮೊದಲು ಮಾಡಬೇಕಾದುದು ಕನ್ನಡ ಚಿತ್ರಕಥೆಗಳ ಒಂದು ಸಂಯುಕ್ತ ಸೂಚಿ. ಯಾವ ಪ್ರತಿ ಯಾರಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಅದರ ಮೇಲೆ ಏನು ಬರೆದಿದೆ ಎಂಬುದನ್ನು ಸೂಚಿ ಹೇಳಬೇಕು. ಇಲ್ಲದ ಪ್ರತಿ ಯಾವ ಬಗೆಯ ಗೈರುಹಾಜರಿ ಎಂಬುದನ್ನೂ ಗುರುತಿಸಬೇಕು. ಅಚ್ಚಾಗದ ಸಂಚಿಕೆಯನ್ನು ಹುಡುಕುವ ಶ್ರಮ ಆಗ ತಪ್ಪುತ್ತದೆ. ಅಚ್ಚಾಗಿ ಕಳೆದುಹೋದದ್ದರ ಕಡೆಗೆ ಆ ಶ್ರಮವನ್ನು ತಿರುಗಿಸಬಹುದು. ೧೯೬೫ರಲ್ಲಿ ಆ ಪುಸ್ತಕಗಳನ್ನು ಓದಿದ ಮಕ್ಕಳಿಗೆ ಈಗ ಎಪ್ಪತ್ತರ ಆಸುಪಾಸಿನ ವಯಸ್ಸು. ಅವರ ಮನೆಗಳ ಅಟ್ಟ ಖಾಲಿಯಾಗುವ ಮೊದಲು ಸೂಚಿಯ ಮೊದಲ ಹತ್ತು ಸಾಲುಗಳನ್ನು ತುಂಬಲು ತೊಡಗಬೇಕಾಗಿದೆ.