ಸ್ವರ ಹುಟ್ಟಿಸುವ ಫ್ಲೂಯಿಡ್‌ಸಿಂತ್

ಮಿಡಿ ಕಡತದೊಳಗೆ ನಾದವೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಬಲವಾಗಿ, ಯಾವಾಗ ಬಿಡಬೇಕು ಎಂಬ ಸೂಚನೆಗಳಷ್ಟೇ. ಒಂದು ಸ್ವರ ಎಬ್ಬಿಸಲು ಮೂರು ಬೈಟ್ ಸಾಕು. 1983ರಲ್ಲಿ ಬಂದ ಈ ಮಿತವ್ಯಯ ಇಂದಿಗೂ ನನಗೆ ಬೆರಗು. ಸೂಚನೆ ಓದಿ ನುಡಿಸುವವರು ಬೇರೆ ಬೇಕು; ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಕಲಾವಿದ ಫ್ಲೂಯಿಡ್‌ಸಿಂತ್ ಎಂಬ ಸಿಂಥಸೈಜರ್ ತಂತ್ರಾಂಶ.

ಹಾಡು ಓಡುತ್ತಿದ್ದರೂ ಸದ್ದಿಲ್ಲವೇ? ಆಗಲೂ ಈ ವ್ಯವಸ್ಥೆಯ ಪ್ರಾಮಾಣಿಕತೆ ಮನಸೆಳೆಯುತ್ತದೆ. ಮಿಡಿ ಕಡತವನ್ನು ಸಿಂಥಸೈಜರಿಗೆ ಕಳಿಸುವ ಎಪ್ಲೇಮಿಡಿ ಆಜ್ಞೆಯನ್ನು ಕೇಳಿದರೆ ತೆರೆದ ಪೋರ್ಟುಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ. ‘ಮಿಡಿ ಥ್ರೂ’ ಒಂದೇ ಕಂಡರೆ ಸಿಂಥಸೈಜರ್ ಇನ್ನೂ ಎದ್ದಿಲ್ಲ, ಸ್ವರಗಳು ಕೇಳುವವರಿಲ್ಲದೆ ಹರಿದುಹೋಗುತ್ತಿವೆ. ಪಟ್ಟಿಯಲ್ಲಿ ಫ್ಲೂಯಿಡ್‌ಸಿಂತ್ ಹೆಸರಿದ್ದೂ ಮೌನವೆಂದರೆ, ವಾದ್ಯಗಳ ಧ್ವನಿಮಾದರಿಗಳಿರುವ ಕಡತವಾದ ಸೌಂಡ್‌ಫಾಂಟ್ ಲೋಡ್ ಆಗಿದೆಯೇ ನೋಡಬೇಕು. ಚಿಟಚಿಟ ಸದ್ದಿಗೆ ಹೆಚ್ಚಾಗಿ ಬಫರ್ ಚಿಕ್ಕದಾಗಿರುವುದೇ ಕಾರಣ. ಡೋಲಿನ ಜಾಗದಲ್ಲಿ ಪಿಯಾನೊ ಕುಟ್ಟಿದರೆ ಹತ್ತನೇ ಚಾನೆಲ್ ನೋಡಿ. 1991ರ ಜನರಲ್ ಮಿಡಿ ಮಾನದಂಡ ಅದನ್ನು ತಾಳವಾದ್ಯಗಳಿಗೇ ಮೀಸಲಿಟ್ಟಿದೆ.

ಒಳ್ಳೆಯ ಸೌಂಡ್‌ಫಾಂಟಿನ ಕಸುಬು ಇನ್ನೂ ಸೂಕ್ಷ್ಮ. ಮೆಲ್ಲಗೆ ಒತ್ತಿದ ಪಿಯಾನೊ ಬರೀ ಸಣ್ಣ ದನಿಯಾಗುವುದಿಲ್ಲ, ಅದರ ಹೊಳಪೂ ತಗ್ಗುತ್ತದೆ. ಪಿಟೀಲಿನ ದೀರ್ಘಸ್ವರ ನಿಜವಾಗಿ ಪುಟ್ಟ ತುಣುಕೊಂದರ ಪುನರಾವರ್ತನೆ. ತುದಿಗೆ ತುದಿ ಕೂಡಿಸಿದ ಜಾಗವನ್ನು ಹೆಡ್‌ಫೋನ್ ಹಾಕಿಕೊಂಡು ಹುಡುಕಿದ್ದೇನೆ. ಸಿಕ್ಕಿಲ್ಲ.