ದುರ್ರಿಯಾ ಶಫೀಕ್ ಎಂಬ ಹಠ

ಈಜಿಪ್ಟಿನ ಮಹಿಳೆಯರ ಮಾತು ಬಂದರೆ ನಾವು ಹುದಾ ಶಅರಾವಿಯವರ ಹೆಸರು ಹೇಳಿ ಮುಗಿಸುತ್ತೇವೆ. ಕೈರೋದ ರೈಲ್ವೆ ನಿಲ್ದಾಣದಲ್ಲಿ ಅವರು ಮುಖಪರದೆ ಸರಿಸಿದ ಸಂಗತಿ ಪರದೆಯ ಪರ ಇರುವವರಿಗೂ ವಿರೋಧಿಗಳಿಗೂ ಜಗಳಕ್ಕೆ ಅನುಕೂಲ. ಮತದ ಹಕ್ಕಿಗಾಗಿ ಹಸಿದು ಮಲಗಿದ ದುರ್ರಿಯಾ ಶಫೀಕ್ ಮಾತ್ರ ಇಬ್ಬರಿಗೂ ಬೇಕಾಗಿಲ್ಲ. (ದುರ್ ಎಂದರೆ ಮುತ್ತು, ಉರ್ದು ಬಲ್ಲವರಿಗೆ ಗೊತ್ತು.)

1908ರಲ್ಲಿ ತಂತಾ ಪಟ್ಟಣದಲ್ಲಿ ಹುಟ್ಟಿದ ಇವರು ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಇಸ್ಲಾಮ್ ಹೆಣ್ಣಿಗೆ ಸಮಾನ ಹಕ್ಕು ಕೊಟ್ಟಿದೆ ಎಂಬುದು ಅಲ್ಲಿ ಬರೆದ ಪ್ರಬಂಧವೊಂದರ ವಾದ. ಅಷ್ಟು ಓದಿ ಬಂದವರಿಗೆ ಕೈರೋದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಗಲಿಲ್ಲ. 1945ರಲ್ಲಿ 'ಬಿಂತ್ ಅನ್ನೀಲ್' ಅಂದರೆ 'ನೈಲ್‌ನ ಮಗಳು' ಎಂಬ ಪತ್ರಿಕೆ ಶುರು ಮಾಡಿದರು, 1948ರಲ್ಲಿ ಅದೇ ಹೆಸರಿನ ಸಂಘ ಕಟ್ಟಿದರು.

ಅವರ ಮೇಲಿನ ಆಕ್ಷೇಪವೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಕವಿತೆ ಬರೆದದ್ದು ಫ್ರೆಂಚಿನಲ್ಲಿ. ರಾಜಮನೆತನದ ಹೆಣ್ಣುಮಗಳೊಬ್ಬರ ಆಶ್ರಯದ ಫ್ರೆಂಚ್ ಪತ್ರಿಕೆಯನ್ನೂ ಸಂಪಾದಿಸಿದವರು. ಹೊಲದಲ್ಲಿ ದುಡಿಯುವ ಹೆಂಗಸಿಗೆ ಈ ಠಾಕುಠೀಕು ದೂರದ್ದೇ. ಆದರೆ ಅಂಥ ಹೆಂಗಸರಿಗಾಗಿ ಅಕ್ಷರ ಕಲಿಸುವ ತರಗತಿ ನಡೆಸಿದ್ದೂ ಇದೇ ಸಂಘ. ಮುಸ್ಲಿಂ ಹೆಣ್ಣು ಬಾಯಿ ತೆರೆದರೆ ಅವಳ ಹಿಂದೆ ಯಾರಿದ್ದಾರೆಂದು ಹುಡುಕುವ ಚಟ ನಮಗಿದೆಯಲ್ಲ, ಅದು ಅಲ್ಲೂ ಇತ್ತು.

1951ರ ಫೆಬ್ರವರಿಯಲ್ಲಿ ಸುಮಾರು 1,500 ಮಹಿಳೆಯರೊಂದಿಗೆ ಅವರು ಸಂಸತ್ತಿಗೇ ನುಗ್ಗಿದರು. ಮರುವರ್ಷ ಅಲ್ ಅಝ್‌ಹರ್‌ನ ಫತ್ವಾ ಸಮಿತಿ ಹೆಣ್ಣಿಗೆ ಮತ ಸಲ್ಲದೆಂದಿತು. 1954ರಲ್ಲಿ ಸಂವಿಧಾನ ರಚನಾ ಸಮಿತಿಯಲ್ಲಿ ಒಬ್ಬ ಹೆಣ್ಣೂ ಇಲ್ಲವೆಂದು ಪತ್ರಕರ್ತರ ಸಂಘದ ಕಟ್ಟಡದಲ್ಲಿ ಎಂಟು ದಿನ ಉಪವಾಸ ಕೂತರು. 1956ರಲ್ಲಿ ಮತ ಬಂತು, ಓದು ಬರಹ ಬಲ್ಲ ಹೆಂಗಸರಿಗೆ ಮಾತ್ರ! ಅಕ್ಷರ ಬಾರದ ಗಂಡಸಿಗೆ ಈ ತೊಡಕಿರಲಿಲ್ಲ. ಅರ್ಧ ಹಕ್ಕನ್ನು ಪಡೆದು ಸಲಾಮು ಹೊಡೆಯುವುದು ದುರ್ರಿಯಾ ಅವರಿಂದ ಆಗಲಿಲ್ಲ.

ಅವರ ಸ್ವಭಾವ ನಿಚ್ಚಳವಾಗಿ ಕಾಣುವುದು 1957ರ ಫೆಬ್ರವರಿಯಲ್ಲಿ. ಸೂಯೆಜ್ ಯುದ್ಧ ಮುಗಿದು ನಾಸರ್ ಅರಬರ ಕಣ್ಮಣಿಯಾಗಿದ್ದ ಕಾಲ. ದುರ್ರಿಯಾ ಒಬ್ಬರೇ ಕೈರೋದ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಉಪವಾಸ ಹೂಡಿದರು. ಇಸ್ರೇಲ್ ಈಜಿಪ್ಟಿನ ನೆಲ ಬಿಡಬೇಕು, ನಾಸರ್ ಸರ್ವಾಧಿಕಾರ ಬಿಡಬೇಕು, ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರು. ಇದು ಅಹಂಕಾರವೇ, ಧೈರ್ಯವೇ? ಎರಡೂ ಇದ್ದಿರಬಹುದು. ಜೊತೆಯವರನ್ನು ಕೂಡಿಸಿಕೊಂಡು ನಡೆಯುವ ತಾಳ್ಮೆ ಅವರಲ್ಲಿ ಕಡಿಮೆಯೆಂದೇ ನಮಗನಿಸುತ್ತದೆ. ಆದರೆ ಹೊರಗಿನ ಶತ್ರುವನ್ನು ತೋರಿಸಿ ಒಳಗಿನ ಪ್ರಶ್ನೆಯನ್ನು ಮುಚ್ಚುವವರ ನಡುವೆ ಆ ಎರಡು ಬೇಡಿಕೆಗಳನ್ನು ಜೊತೆಗಿಟ್ಟವರು ಅವರೊಬ್ಬರೇ. ಅವರದೇ ಸಂಘದ ಮಹಿಳೆಯರು ಅವರನ್ನು ಖಂಡಿಸಿ ರಾಜೀನಾಮೆ ಕೇಳಿದರು. ಗೃಹಬಂಧನವಾಯಿತು, ಪತ್ರಿಕೆ ನಿಂತಿತು, ಅವರ ಹೆಸರು ಅಚ್ಚಾಗುವುದಕ್ಕೂ ನಿಷೇಧ ಬಂತು. ಆಮೇಲೆ 18 ವರ್ಷ ಅವರು ಹೊರಲೋಕಕ್ಕೆ ಹೆಚ್ಚುಕಮ್ಮಿ ಇಲ್ಲವೇ ಆದರು. 1975ರಲ್ಲಿ ಮನೆಯ ಬಾಲ್ಕನಿಯಿಂದ ಬಿದ್ದು ತೀರಿಕೊಂಡರು.