ಕವಿರತ್ನನ ಅಕ್ಷರವೂ ಹುಡುಗನ ಮೊಳೆಯೂ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಕನ್ನಡ ತರಗತಿಯ ವಿದ್ಯಾರ್ಥಿಗಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಚಿಕ್ಕಬೆಟ್ಟವನ್ನು ಹತ್ತಿ, ಬಂಡೆಯ ಮೇಲಿನ ‘ಶ್ರೀ ಕವಿರತ್ನ’ ಎಂಬ ಬರಹದ ಮುಂದೆ ಅವರನ್ನು ನಿಲ್ಲಿಸಿದೆ. ಇದು ರನ್ನನೇ ಕೆತ್ತಿದ ಹೆಸರೆಂದು ವಿದ್ವಾಂಸರು ನಂಬುತ್ತಾರೆ. ಸಾವಿರ ವರ್ಷದ ಹಿಂದಿನ ಮಹಾಕವಿಯ ಕೈಬರಹವನ್ನು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ಭಾಷೆಗಳವರಿಗಿದೆ ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದೆ. ಗಂಟೆ ಕಳೆಯುವುದರೊಳಗೆ, ಅದೇ ಬೆಟ್ಟದ ಒಂದು ಬಸದಿಯ ಹಿಂಬದಿಯಲ್ಲಿ, ನಮ್ಮ ಹುಡುಗನೊಬ್ಬ ಮೊಳೆಯಿಂದ ಕಲ್ಲಿನ ಮೇಲೆ ತನ್ನ ಹೆಸರನ್ನು ಗೀರುತ್ತಿದ್ದುದು ಕಣ್ಣಿಗೆ ಬಿತ್ತು. ಎರಡು ಅಕ್ಷರ ಆಗಿತ್ತು. ಕೈ ಹಿಡಿದು ಎಳೆದು ಎಲ್ಲರೆದುರಿಗೆ ಬೈದೆ. ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿದ: “ಹಾಗಾದ್ರೆ ರನ್ನ ಕೆತ್ತಿದ್ದು ತಪ್ಪಲ್ವಾ ಸಾರ್?”

“ನೀನೇನು ರನ್ನನೇನಯ್ಯಾ?” ಎಂದೆ. ಉಳಿದವರು ನಕ್ಕರು, ಹುಡುಗ ಸುಮ್ಮನಾದ. ಮೇಷ್ಟರ ಮಾತು ಗೆದ್ದಿತು; ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ಗೋಡೆಬರಹ ಕಲೆಯೋ ಕಿಡಿಗೇಡಿತನವೋ ಎಂಬ ಚರ್ಚೆ ಕಿವಿಗೆ ಬಿದ್ದಾಗಲೆಲ್ಲ ಅವನ ಮಾತು ನೆನಪಾಗುತ್ತದೆ. ಅಂದು ಕೊಡದೆ ತಪ್ಪಿಸಿಕೊಂಡ ಉತ್ತರವನ್ನು ಈಗಲಾದರೂ ಹುಡುಕಬೇಕೆಂದು ಈ ಲೇಖನ.

ಈ ಚರ್ಚೆಯಲ್ಲಿ ಎರಡು ಪಕ್ಷಗಳಿವೆ. ಅಪ್ಪಣೆಯಿಲ್ಲದೆ ಪರರ ಗೋಡೆಯ ಮೇಲೆ ಬರೆದದ್ದು ಎಷ್ಟೇ ಚೆನ್ನಾಗಿದ್ದರೂ ಅಪರಾಧವೇ ಎನ್ನುವವರದು ಒಂದು. ಚೆನ್ನಾಗಿದ್ದರೆ ಅಪರಾಧದ ಮಾತೇಕೆ ಎನ್ನುವವರದು ಇನ್ನೊಂದು. ಎರಡು ಪಕ್ಷದವರೂ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆಂದು ನನಗೆ ತೋರುತ್ತದೆ. ಇದು ಸುಂದರವೇ? ಇದು ಬೆಲೆಯುಳ್ಳದ್ದೇ? ಇದನ್ನು ಇಲ್ಲಿ ಬರೆದದ್ದು ಸರಿಯೇ? ಒಂದಕ್ಕೆ ಸಿಕ್ಕಿದ ಉತ್ತರದಿಂದ ಇನ್ನೊಂದಕ್ಕೆ ತೀರ್ಪು ಹೇಳಲಾಗದು.

ರನ್ನನ ಅಕ್ಷರವನ್ನೇ ತೆಗೆದುಕೊಳ್ಳೋಣ. ಅಭಿಮಾನವನ್ನು ಒಂದು ಗಳಿಗೆ ಬದಿಗಿಟ್ಟು ನೋಡಿದರೆ, ಅದರಲ್ಲಿ ಕಲೆಯೆನ್ನುವಂಥದು ಏನೂ ಇಲ್ಲ. ಅದೊಂದು ಬಿರುದು, ಅಷ್ಟೆ. ಬೆಳಗೊಳದಲ್ಲಿ ದೊರೆತಿರುವ 500ಕ್ಕೂ ಹೆಚ್ಚು ಶಾಸನಗಳಲ್ಲಿ ಇಂಥವು ಬೇಕಾದಷ್ಟಿವೆ. ದಕ್ಷಿಣದವರು, ಉತ್ತರದಿಂದ ಬಂದವರು, ಎಷ್ಟೋ ಯಾತ್ರಿಕರು ತಾವು ಬಂದು ಹೋದ ಗುರುತಿಗೆ ಹೆಸರು ಕೆತ್ತಿದ್ದಾರೆ. ಅವರ ಸಾಲಿನಲ್ಲಿ ರನ್ನನೂ ಒಬ್ಬ. ನಾವು ಅದರ ಮುಂದೆ ಕೈಮುಗಿದು ನಿಲ್ಲುವುದು ಅವನು ಬೇರೆಡೆ ‘ಗದಾಯುದ್ಧ’ವನ್ನು ಬರೆದದ್ದಕ್ಕಾಗಿ. ಅದರ ಬೆಲೆ ಚರಿತ್ರೆ ಕೊಟ್ಟದ್ದು. ಹಾಗಿರುವಾಗ, ಹುಡುಗನ ಗೀಚು ಕಲೆಯಲ್ಲ, ರನ್ನನದು ಕಲೆ ಎಂದು ನಾನು ಸೂಚಿಸಿದ್ದು ತಪ್ಪು. ಎರಡೂ ಕಲೆಯಲ್ಲ. ಅವುಗಳ ಭೇದವನ್ನು ಬೇರೆಡೆ ಹುಡುಕಬೇಕು.

ಆ ಭೇದ ಅಕ್ಷರದ ಕೆಳಗಿದೆ. ರನ್ನ ಕೆತ್ತಿದ್ದು ಬರಿಯ ಬಂಡೆಯ ಮೇಲೆ. ಹುಡುಗ ಗೀರಿದ್ದು ಯಾವನೋ ಶಿಲ್ಪಿ ದಿನಗಟ್ಟಲೆ ಉಳಿ ಹಿಡಿದು ನಯಗೊಳಿಸಿದ ಕಲ್ಲಿನ ಮೇಲೆ. ಒಂದು ಬರಹ ಬರಿದಾದ ಎಡೆಯಲ್ಲಿ ಒಂದು ಮಾತನ್ನು ಕೂಡಿಸಿತು. ಇನ್ನೊಂದು ಬರಹ ಅಲ್ಲಿದ್ದ ಮಾತನ್ನು ಕೆಡಿಸಿತು. ‘ಇದರ ಕೆಳಗೆ ಏನಿತ್ತು?’ ಎಂಬುದೇ ಗೋಡೆಬರಹವನ್ನು ಕುರಿತು ನಾವು ಮೊದಲು ಕೇಳಬೇಕಾದ ಪ್ರಶ್ನೆ.

ಈ ಒರೆಗಲ್ಲು ಎಲ್ಲ ಕಡೆಯೂ ನಡೆಯುತ್ತದೆಯೇ? ಸಿಂಹಳದ ಸಿಗಿರಿಯಾದಲ್ಲಿ ಅದು ತೊಡಕಿಗೆ ಸಿಕ್ಕುತ್ತದೆ. 5ನೆಯ ಶತಮಾನದಲ್ಲಿ ಕಶ್ಯಪನೆಂಬ ಅರಸ ಅಲ್ಲಿನ ಹೆಬ್ಬಂಡೆಯ ಮಗ್ಗುಲಿಗೆ ಗಾರೆಯ ಗೋಡೆಯೊಂದನ್ನು ಕಟ್ಟಿಸಿ ಕನ್ನಡಿಯಂತೆ ಹೊಳಪುಗೊಳಿಸಿದ. ಮುಂದಿನ ಶತಮಾನಗಳಲ್ಲಿ ಬಂದ ಪ್ರೇಕ್ಷಕರು, ಅವರಲ್ಲಿ ಭಿಕ್ಷುಗಳೂ ಹೆಂಗಸರೂ ಇದ್ದರು, ಮೇಲಿನ ಬಂಡೆಯಲ್ಲಿ ಚಿತ್ರಿಸಿದ ಸುಂದರಿಯರನ್ನು ಕಂಡು ಮನಸ್ಸು ತುಂಬಿ ಆ ಹೊಳಪಿನ ಮೇಲೆಯೇ ಪದ್ಯಗಳನ್ನು ಗೀರಿದರು. ಇಂಥ 685 ಬರಹಗಳನ್ನು ಪರಣವಿತಾನರು 1956ರಲ್ಲಿ ಪ್ರಕಟಿಸಿದರು. ಹಳೆಯ ಸಿಂಹಳ ಕಾವ್ಯಕ್ಕೆ ಅವು ಅಮೂಲ್ಯವಾದ ಆಕರ. ಅರಸನ ಕನ್ನಡಿ ಕೆಟ್ಟಿತು, ನಿಜ. ಆದರೆ ಆ ಬರಹ ಅಲ್ಲಿನ ಚಿತ್ರಕ್ಕೆ ಕೊಟ್ಟ ಮಾರುತ್ತರ. ಬೇರೊಂದು ಗೋಡೆಯ ಮೇಲೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಮ್ಮ ಕ್ಷೇಮೇಂದ್ರ ಕಾವ್ಯದ ಜೀವವೆಂದು ಹೇಳಿದ ಔಚಿತ್ಯ ಇಂಥಲ್ಲಿ ಇಣುಕುತ್ತದೆ. ಸರಿ ತಪ್ಪಿನ ತಕ್ಕಡಿ ಇಲ್ಲಿ ತೂಗಾಡುತ್ತದೆಂದು ನಾನು ಒಪ್ಪುತ್ತೇನೆ.

ಅದೇ ಗೋಡೆಯ ಮೇಲೆ 2015ರಲ್ಲಿ ತರುಣಿಯೊಬ್ಬಳು ತನ್ನ ಹೆಸರನ್ನು ಗೀಚಿದಳು. ನ್ಯಾಯಾಲಯ ಎರಡು ವರ್ಷದ ಸೆರೆವಾಸ ವಿಧಿಸಿತು. ಕಡೆಗೆ ರಾಷ್ಟ್ರಾಧ್ಯಕ್ಷರ ಕ್ಷಮಾದಾನದಿಂದ ಅವಳು ಬಿಡುಗಡೆಯಾದಳು. ಹಿಂದಿನವರು ಮಾಡಿದ್ದನ್ನೇ ಅವಳೂ ಮಾಡಿದಳಲ್ಲವೇ ಎನ್ನಬಹುದು. ಕೈಕೆಲಸ ಒಂದೇ; ಕೆಳಗಿದ್ದದ್ದು ಬೇರೆ. ಈಗ ಅಲ್ಲಿರುವುದು ಆ ಪದ್ಯಗಳನ್ನು ಹೊತ್ತ ಗೋಡೆ. ಶಿಕ್ಷೆ ಅತಿಯಾಯಿತೆಂದು ನನಗೂ ಅನ್ನಿಸುತ್ತದೆ. ನಮ್ಮಲ್ಲಿಯೂ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಅಂದು ಕಾವಲುಗಾರನ ಕಣ್ಣಿಗೆ ಬಿದ್ದಿದ್ದರೆ ನಮ್ಮ ಹುಡುಗನ ಗತಿಯೇನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇನ್ನು ಗೋಡೆಬರಹದ ಇಂದಿನ ತವರೆನ್ನಬಹುದಾದ ನ್ಯೂಯಾರ್ಕಿಗೆ ಬರೋಣ. 1971ರಲ್ಲಿ ಅಲ್ಲಿನ ಪ್ರಮುಖ ದಿನಪತ್ರಿಕೆ ‘ಟಾಕಿ 183’ ಎಂದು ಊರೆಲ್ಲ ಬರೆಯುತ್ತಿದ್ದ ಹುಡುಗನ ಸುದ್ದಿಯನ್ನು ಅಚ್ಚುಮಾಡಿದ ಮೇಲೆ ಆ ಗೀಳು ಬೆಳೆದು, ನೆಲದಡಿಯ ರೈಲುಗಳ ಮೈತುಂಬ ಬಣ್ಣ ಹರಡಿತು. ವರ್ಣವೈಭವವೇನೋ ಹೌದು. ಆದರೆ ಬಣ್ಣ ಕಿಟಕಿಗಳ ಮೇಲೂ ಹರಿದಾಗ, ದುಡಿದು ದಣಿದು ಮನೆಗೆ ಹೊರಟವನಿಗೆ ತಾನಿಳಿಯುವ ನಿಲ್ದಾಣ ಕಾಣಿಸದೆ ಹೋಗುತ್ತಿತ್ತು. ಇಲ್ಲಿ ಬಣ್ಣದ ಕೆಳಗಿದ್ದದ್ದು ಬಡವನ ಕಿಟಕಿ.

ಅದೇ ಊರಿನ ಕ್ವೀನ್ಸ್ ಭಾಗದಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆಯ ಕಟ್ಟಡವಿತ್ತು. ಮಾಲೀಕನ ಒಪ್ಪಿಗೆಯಿಂದಲೇ ಚಿತ್ರಗಾರರು ವರ್ಷಗಟ್ಟಲೆ ಅದರ ಗೋಡೆಗಳನ್ನು ತುಂಬಿದ್ದರು. ಕಟ್ಟಡವನ್ನು ಕೆಡವಿ ವಾಸದ ಗೋಪುರಗಳನ್ನು ಎಬ್ಬಿಸಬೇಕೆಂದು ನಿಶ್ಚಯಿಸಿದ ಮಾಲೀಕ, 2013ರ ನವೆಂಬರಿನ ಒಂದು ರಾತ್ರಿ ಎಲ್ಲದರ ಮೇಲೆ ಬಿಳಿಯ ಬಣ್ಣ ಬಳಿಸಿಬಿಟ್ಟ. ಚಿತ್ರಗಾರರು 1990ರ ಕಾಯಿದೆಯೊಂದನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ, 45 ಚಿತ್ರಗಳಿಗಾಗಿ 21 ಮಂದಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. 2020ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಟ್ಟಡವನ್ನು ಕೆಡವುವ ಹಕ್ಕು ಮಾಲೀಕನಿಗೆ ಇರಲಿಲ್ಲವೆಂದಲ್ಲ. ಮೊದಲೇ ತಿಳಿಸಿ, ಕಾಲಾವಕಾಶ ಕೊಟ್ಟು ಮಾಡಬೇಕಾದುದನ್ನು ಕತ್ತಲೆಯಲ್ಲಿ ಮಾಡಿದ್ದು ಅವನಿಗೆ ಮುಳುವಾಯಿತು. ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಿ ನೋಡಿ. ಬಿಳಿಯ ಬಣ್ಣದ ಕೆಳಗೆ ಏನಿತ್ತು? ಗೋಡೆಯ ಒಡೆಯನೇ ಆ ರಾತ್ರಿ ಗೋಡೆ ಕೆಡಿಸಿದವನಾದ.

ಬೆಂಗಳೂರಿನವರಿಗೆ ಈ ವಿಷಯ ಹೊಸದಲ್ಲ. 2009ರ ಸುಮಾರಿಗೆ ನಗರಪಾಲಿಕೆಯೇ ಫಲಕ ಬರೆಯುವ ಕಲಾವಿದರನ್ನು ಕರೆದು ರಸ್ತೆಬದಿಯ ಗೋಡೆಗಳ ಮೇಲೆ ನಾಡಿನ ಪ್ರೇಕ್ಷಣೀಯ ಸ್ಥಳಗಳನ್ನು ಬರೆಸಿತು. ಅಪ್ಪಣೆಯುಳ್ಳ ಚಿತ್ರಗಳು, ಯಾರ ತಕರಾರೂ ಇಲ್ಲದವು, ಯಾರನ್ನೂ ನಿಲ್ಲಿಸದವು. 2015ರಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳ ಮಾಡಿ ಅದರಲ್ಲಿ ಮೊಸಳೆಯನ್ನು ಬಿಟ್ಟಾಗ ಊರೇ ನಿಂತು ನೋಡಿತು, ಗುಂಡಿಯೂ ಮುಚ್ಚಿತು. ಅಪ್ಪಣೆಯೊಂದೇ ಮಾನದಂಡವೆನ್ನುವವರು ಈ ಮೊಸಳೆಯನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ? ಅದರ ಕೆಳಗಿದ್ದದ್ದು ಹಳ್ಳ. ಅದು ಯಾರ ಶ್ರಮವನ್ನೂ ಕೆಡಿಸಲಿಲ್ಲ, ಯಾರದೋ ಉದಾಸೀನವನ್ನು ಮಾತ್ರ ಎತ್ತಿ ತೋರಿಸಿತು.

ಹಾಗೆಂದು ಕಂಡವರ ಗೋಡೆಯ ಮೇಲೆಲ್ಲ ಬರೆಯಬಹುದೆಂದು ನಾನು ಹೇಳುವುದಿಲ್ಲ. ಸಾಲ ಮಾಡಿ ಮನೆ ಕಟ್ಟಿ, ಹಬ್ಬಕ್ಕೆಂದು ಸುಣ್ಣ ಬಳಿಸಿದವನ ಗೋಡೆ ಬರಿಗೋಡೆಯಲ್ಲ; ಅದರ ಬಿಳುಪೂ ಒಬ್ಬನ ಕೃತಿಯೇ. ಬರೆಯುವವನು ಎಷ್ಟೇ ಪ್ರತಿಭಾವಂತನಾಗಿರಲಿ, ಅದನ್ನು ಕಾಣುವ ಕಣ್ಣು ಅವನಿಗೆ ಬೇಕು.

ಈಗ ಹುಡುಗನಿಗೆ ನನ್ನ ಉತ್ತರ. ರನ್ನ ಮಾಡಿದ್ದು ತಪ್ಪಾಗಿರಲಿಲ್ಲ. ಆದರೆ ಅವನು ರನ್ನನಾದ ಕಾರಣಕ್ಕೆ ಅಲ್ಲ. ಅವನ ಹಿಂದೆ ಮುಂದೆ ಹೆಸರು ಕೆತ್ತಿದ ಅನಾಮಧೇಯ ಯಾತ್ರಿಕನದೂ ತಪ್ಪಾಗಿರಲಿಲ್ಲ. ನಿನ್ನದು ತಪ್ಪಾಯಿತು, ಏಕೆಂದರೆ ನಿನ್ನ ಮೊಳೆಯ ಕೆಳಗೆ ಹೆಸರು ಬರೆದುಕೊಳ್ಳದೆ ಹೋದ ಒಬ್ಬ ಶಿಲ್ಪಿಯ ಕೆಲಸವಿತ್ತು. ಅಂದು ನಾನು ಇದನ್ನು ತೋರಿಸಿಕೊಡಬೇಕಾಗಿತ್ತು. ಅದನ್ನು ಬಿಟ್ಟು, ನೀನು ಯಾರೂ ಅಲ್ಲವೆಂದು ನಗೆಯಾಡಿಸಿದೆ. ತಾನು ಯಾರೋ ಒಬ್ಬನೆಂದು ಹೇಳಿಕೊಳ್ಳುವುದಕ್ಕೇ ಅಲ್ಲವೇ ಆ ಹುಡುಗ ಮೊಳೆ ಹಿಡಿದದ್ದು?